ಗಾಳಿ ಸೋರುವ ಕೋಣೆ

ಸೋರಿಕೆಗೂ ನನಗೂ ಏನೋ ಋಣಾನುಬಂಧ ಇರಬೇಕು. ಮಿಲ್ಪಿಟಾಸ್‌ನ ಒಂದು ಕಂಪನಿಯಲ್ಲಿ ನನ್ನ ಕೆಲಸವೇ ಸೋರಿಕೆ ಹುಡುಕುವುದು. ಕಂಪ್ಯೂಟರಿನ ಚಿಪ್ಪು ತಯಾರಿಸುವ ಯಂತ್ರಗಳ ಒಳಗೆ ಗಾಳಿ ಇರಕೂಡದು. ಎಲ್ಲಿಂದಾದರೂ ಒಂದು ಎಳೆ ನುಸುಳಿದರೆ ಅದನ್ನು ಪತ್ತೆ ಹಚ್ಚಿ ಮುಚ್ಚುವವನು ನಾನು. ಆಫೀಸಿನಲ್ಲಿ ಈ ವಿಷಯದಲ್ಲಿ ನನಗೆ ಒಳ್ಳೆಯ ಹೆಸರಿದೆ. ಮನೆಗೆ ಬಂದರೆ ನಲ್ಲಿ ತೊಟ್ಟಿಕ್ಕುತ್ತದೆ, ಕುಕ್ಕರಿನ ಗ್ಯಾಸ್ಕೆಟ್ಟು ಉಸ್ಸೆನ್ನುತ್ತದೆ, ಕಾರಿನ ಟೈರು ಸದ್ದಿಲ್ಲದೆ ನೆಲಕ್ಕೆ ಕೂರುತ್ತದೆ. ಇಂಥವು ನನ್ನ ಪಾಲಿಗೆ ಬರುತ್ತಲೇ ಇರುತ್ತವೆ, ಬಂದಾಗ ಒಂದೂ ಕೈಗೆ ಸಿಗುವುದಿಲ್ಲ. ಅವುಗಳಲ್ಲೆಲ್ಲ ದೊಡ್ಡದು ಕಳೆದ ವರ್ಷದ ಮೋಟರ್‌ಹೋಮಿನ ಸೋರಿಕೆ.

ಆಗ ಮನೆಯಲ್ಲಿ ಇನ್ನೊಂದು ತಾಪತ್ರಯವೂ ನಡೆದಿತ್ತು. ನನ್ನ ಹೆಂಡತಿಯ ತಾಯಿ, ಅಂದರೆ ನಮ್ಮ ಅತ್ತೆ, ಹುಬ್ಬಳ್ಳಿಯಿಂದ ಮೊದಲ ಸಲ ವಿಮಾನ ಹತ್ತಿ ಫ್ರೀಮಾಂಟ್‌ನ ನಮ್ಮ ಮನೆಗೆ ಬಂದಿದ್ದರು. ಬಂದಂದಿನಿಂದ ಅವರಿಗೆ ನಿದ್ದೆ ಇಲ್ಲ. ಮೊದಮೊದಲು ಜೆಟ್ ಲ್ಯಾಗು ಅಂದೆವು. ಆಮೇಲೆ ದಿಂಬು ಬದಲಾಯಿಸಿದೆವು, ಹಾಸಿಗೆ ಬದಲಾಯಿಸಿದೆವು, ಬಿಸಿಹಾಲಿಗೆ ಜಾಯಿಕಾಯಿ ತೇಯ್ದು ಕೊಟ್ಟೆವು. ಬೆಳಿಗ್ಗೆ ಹೋಗಿ ನೋಡಿದರೆ ಅತ್ತೆ ಮಂಚದ ಅಂಚಿನಲ್ಲಿ ಕೂತು ಕಿಟಕಿಯಾಚೆಯ ಮಂಜನ್ನು ನೋಡುತ್ತಿರುತ್ತಿದ್ದರು. ಹೀಗೇ ಆದರೆ ದೀಪಾವಳಿಗೆ ಮುಂಚೆಯೇ ವಾಪಸು ಹೊರಡುತ್ತೇನೆ ಎಂದು ಹೇಳಿಬಿಟ್ಟಿದ್ದರು. ಮದುವೆಯಾದ ಮೇಲೆ ತಾಯಿಯ ಜೊತೆ ಒಂದು ದೀಪಾವಳಿಯನ್ನೂ ಮಾಡಿರದ ನನ್ನ ಹೆಂಡತಿಗೆ ಇದು ನುಂಗಲಾರದ ತುತ್ತಾಯಿತು. ಹೇಗಾದರೂ ಮಾಡಿ ಅವ್ವನಿಗೆ ನಿದ್ದೆ ಬರಿಸಬೇಕು, ಇದೊಂದೇ ಅವಳ ಧ್ಯಾನ.

ಗೋಡೆಯ ಗೃಹಪ್ರವೇಶ

ಅತ್ತೆಗೆ ಊರು ತೋರಿಸಬೇಕು, ಆದರೆ ಹೋಟೆಲಿನ ಬಾತ್‌ರೂಮು ಅವರಿಗೆ ಆಗಿಬರುವುದಿಲ್ಲ. ಅದಕ್ಕೇ ಒಂದು ಸೆಕೆಂಡ್ ಹ್ಯಾಂಡ್ ಮೋಟರ್‌ಹೋಮು ಕೊಂಡೆವು. ಅಡುಗೆಮನೆ, ಹಾಸಿಗೆ, ಸೋಫಾ ಎಲ್ಲ ಒಳಗೇ ಇರುವ ಬಸ್ಸು ಅಂದುಕೊಳ್ಳಿ. ಇದರ ವಿಶೇಷ ಅಂದರೆ ಒಂದು ಬಟನ್ನು ಒತ್ತಿದರೆ ಪಕ್ಕದ ಗೋಡೆ ಸೋಫಾ ಸಮೇತ ಹೊರಕ್ಕೆ ಸರಿದು, ಒಳಗೆ ಒಂದು ಕೋಣೆಯಷ್ಟು ಜಾಗ ಹೆಚ್ಚಾಗುತ್ತದೆ. ಇದಕ್ಕೆ ಸ್ಲೈಡ್‌-ಔಟು ಅಂತಾರೆ. ಸರಿದ ಮೇಲೆ ಸುತ್ತಲೂ ಉಳಿಯುವ ಸಂದಿಗೆ ಸೈಕಲ್ ಟ್ಯೂಬಿನಂಥ ಒಂದು ರಬ್ಬರಿನ ಅಂಚು ಇರುತ್ತದೆ. ಪುಟ್ಟ ಕಂಪ್ರೆಸರ್ ಅದಕ್ಕೆ ಗಾಳಿ ತುಂಬುತ್ತದೆ. ಟ್ಯೂಬು ಉಬ್ಬಿ ಸಂದಿ ಮುಚ್ಚಿಕೊಳ್ಳುತ್ತದೆ, ಮಳೆ ಗಾಳಿ ಒಳಗೆ ಬರುವುದಿಲ್ಲ.

ಗೋಡೆ ಸರಿಯುವುದನ್ನು ಅತ್ತೆ ಕೆನ್ನೆಯ ಮೇಲೆ ಕೈಯಿಟ್ಟು ನೋಡಿದರು. "ಗ್ವಾಡಿ ನಡದಾಡತೈತಲ್ರಿ," ಅಂದರು. ಆಮೇಲೆ ನಿಧಾನವಾಗಿ, "ಹೊಸಾ ಖೋಲಿ ಅಂದ್ರ ಪೂಜಾ ಆಗಬೇಕ್ರಿ. ಇದರ ಬಾಗಲಾ ಯಾವ ದಿಕ್ಕಿಗೈತಿ?" ಎಂದು ಕೇಳಿದರು.

"ಅತ್ತೆ, ಇದು ಗಾಡಿ. ನಾವು ಯಾವ ಕಡೆ ನಿಲ್ಲಿಸ್ತೀವೋ ಅದೇ ದಿಕ್ಕು," ಅಂದೆ.

ಅತ್ತೆ ಒಂದು ಕಡೆ ಕೈ ತೋರಿಸಿದರು. "ಹಂಗಾದ್ರ ಚಲೋನ ಆತು. ಪೂರ್ವಕ್ಕ ತಿರುಗಿಸ್ರಿ."

ಮನೆಯ ಪಕ್ಕದ ಆ ಕಿರಿದಾದ ಜಾಗದಲ್ಲಿ ಬಸ್ಸಿನಂಥ ಗಾಡಿಯನ್ನು ಹಿಂದೆ ಮುಂದೆ ಮಾಡಿ, ಪಕ್ಕದ ಮನೆಯವರ ಕಸದ ಡಬ್ಬಿ ಕೆಡವಿ, ಅಂತೂ ಅವರು ತೋರಿಸಿದ ಕಡೆಗೆ ತಿರುಗಿಸಿದೆ. ಅತ್ತೆ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು, ಆರತಿ ಎತ್ತಿದರು, ಇಂಡಿಯನ್ ಗ್ರೋಸರಿಯಿಂದ ತಂದ ಮಾವಿನೆಲೆಯಲ್ಲಿ ತೋರಣ ಮಾಡಿ ಸ್ಲೈಡ್‌-ಔಟಿನ ನೆತ್ತಿಗೆ ಕಟ್ಟಿಸಿದರು. ಎಲ್ಲ ಮುಗಿದ ಮೇಲೆ ಹೊರಗೆ ಬಂದು ಸೂರ್ಯನನ್ನು ನೋಡಿ, ಗಾಡಿಯನ್ನು ನೋಡಿ, ನನ್ನನ್ನು ನೋಡಿದರು.

"ಅಳಿಯಂದ್ರ, ನಾ ಪಶ್ಚಿಮನ್ನ ಪೂರ್ವ ಅಂತ ತಿಳದಿದ್ದೆ. ಇರ್ಲಿ ಬಿಡ್ರಿ, ರಸ್ತಾಕ್ಕ ಹೋದ ಮ್ಯಾಲೆ ತಾನ ತಿರಗತೈತಿ."

ಪ್ರದಕ್ಷಿಣೆ

ಮಾರನೆಯ ದಿನದಿಂದಲೇ ಸದ್ದು ಶುರುವಾಯಿತು. ಕಂಪ್ರೆಸರ್ ಗುರ್‌ ಎಂದು ಎದ್ದು ಗಾಳಿ ತುಂಬುವುದು, ನಿಲ್ಲುವುದು, ಎಲ್ಲಿಂದಲೋ ಸಣ್ಣಗೆ ಸ್ಸ್ ಎಂದು ಸೋರುವುದು, ಮತ್ತೆ ಗುರ್‌. ಹಟ್ಟಿಯಲ್ಲಿ ಮಲಗಿದ ಹಸು ಆಗಾಗ ನಿಟ್ಟುಸಿರು ಬಿಡುತ್ತದಲ್ಲ, ಹಾಗೆ. ಟ್ಯೂಬು ಎಲ್ಲೋ ತೂತಾಗಿದೆ ಎನ್ನುವುದು ಗೊತ್ತಾಯಿತು. ಎಲ್ಲಿ ಎನ್ನುವುದು ಗೊತ್ತಾಗಲಿಲ್ಲ.

ನಮ್ಮದು ಸಣ್ಣ ಮನೆಯಾದ್ದರಿಂದ ಗಾಡಿಗೆ ಕರೆಂಟು ಕೊಟ್ಟು, ಸ್ಲೈಡ್‌-ಔಟನ್ನು ಹೊರಗೇ ಇಟ್ಟು, ಅದನ್ನೊಂದು ಕೋಣೆಯ ಹಾಗೆ ಬಳಸುತ್ತಿದ್ದೆವು. ವಾರದ ದಿನ ನಾವಿಬ್ಬರೂ ಆಫೀಸಿಗೆ ಹೋದಾಗ ಅತ್ತೆ ಮಧ್ಯಾಹ್ನ ಜಪಮಾಲೆ ಹಿಡಿದು ಅಲ್ಲಿಗೆ ಹೋಗುತ್ತಿದ್ದರು. ಹೆಂಡತಿಗೆ ಅದೇ ಸಂಕಟ.

"ಪಾಪ, ಅವ್ವ ಅಲ್ಲಿ ಕೂತು ಜಪ ಮಾಡ್ತಾಳೆ. ಆ ಸದ್ದಿಲ್ಲದಿದ್ರೆ ಅಲ್ಲೇ ಎರಡು ನಿಮಿಷ ಕಣ್ಣಾದ್ರೂ ಮುಚ್ತಿದ್ಲು. ಊರಿಗೆಲ್ಲ ಲೀಕು ಹುಡುಕಿ ಕೊಡ್ತೀರಿ, ಮನೆದು ಒಂದು ಹುಡುಕೋಕಾಗಲ್ವಾ?" ಅಂದಳು. ಸಿಟ್ಟು ಏರಿದ ಮೇಲೆ ಅವಳ ಬೆಂಗಳೂರು ಕನ್ನಡ ಬಿದ್ದುಹೋಗಿ ಹುಬ್ಬಳ್ಳಿ ಎದ್ದು ನಿಲ್ಲುತ್ತದೆ. "ಸುಮ್ನ ಕುಂತ್ರ ಆಗೂದಿಲ್ಲ, ಏಳ್ರಿ ಮ್ಯಾಲೆ."

ಎದ್ದೆ. ಗಾಳಿ ಎಲ್ಲಿ ಓಡಾಡುತ್ತದೋ ಅಲ್ಲಿ ಹೊಗೆ ಅಲುಗಾಡುತ್ತದೆ, ಇದು ನಮ್ಮ ವೃತ್ತಿಯ ಮೊದಲ ಪಾಠ. ದೇವರ ಕೋಣೆಯಿಂದ ಒಂದು ಹಿಡಿ ಅಗರಬತ್ತಿ ತಂದು ಹಚ್ಚಿ, ಸ್ಲೈಡ್‌-ಔಟಿನ ಅಂಚಿಗೆ ಹಿಡಿದು ಹೊರಗಿನಿಂದ ನಿಧಾನವಾಗಿ ಸುತ್ತಿದೆ. ಸಂಜೆ ಕೊಲ್ಲಿಯ ಕಡೆಯಿಂದ ಬೀಸುವ ಗಾಳಿಗೆ ಹೊಗೆ ಹೋಗದ ದಿಕ್ಕಿಲ್ಲ. ಪಟ್ಟು ಬಿಡದೆ ಇಡೀ ಗಾಡಿಯನ್ನು ಸುತ್ತಿದೆ, ಮತ್ತೆ ಸುತ್ತಿದೆ. ಗಂಧದ ವಾಸನೆ, ಬಂಗಾರದ ಬಣ್ಣದ ಗುಡ್ಡಗಳು, ದೂರದಲ್ಲಿ ರೈಲಿನ ಶಬ್ದ. ಸುತ್ತುತ್ತಾ ಸುತ್ತುತ್ತಾ ಯಾಕೆ ಸುತ್ತುತ್ತಿದ್ದೇನೆ ಎನ್ನುವುದೇ ಮರೆತು ಒಂಥರಾ ಹಾಯೆನಿಸಿತು.

ತಿರುಗಿ ನೋಡಿದರೆ ಎದುರು ಮನೆಯ ಚೀನೀ ತಾತ ಟೋಪಿ ತೆಗೆದು ತಲೆ ತಗ್ಗಿಸಿ ನಿಂತಿದ್ದಾರೆ. ನಾನೂ ತಲೆ ತಗ್ಗಿಸಿದೆ. ಅವರಿಗೆ ಇಂಗ್ಲಿಷು ಬಾರದು, ನನಗೆ ಚೀನೀ ಬಾರದು, ಸೋರಿಕೆಯ ವಿಚಾರ ಹೇಗೆ ವಿವರಿಸುವುದು?

ಮರುದಿನ ಬೆಳಿಗ್ಗೆ ಮೋಟರ್‌ಹೋಮಿನ ಬಂಪರಿನ ಮೇಲೆ ಕಿತ್ತಳೆ ಹಣ್ಣುಗಳನ್ನು ಚೊಕ್ಕವಾಗಿ ಜೋಡಿಸಿಟ್ಟಿತ್ತು. ಅತ್ತೆ ಒಂದನ್ನು ಕಣ್ಣಿಗೊತ್ತಿಕೊಂಡು ಸುಲಿದರು. ತಾತ ಈಗಲೂ ವಾಕಿಂಗು ಹೋಗುವಾಗ ನಮ್ಮ ಗಾಡಿಗೆ ಕೈಮುಗಿದೇ ಮುಂದೆ ಹೋಗುತ್ತಾರೆ.

ನೊರೆ

ಹೊಗೆ ಕೈಕೊಟ್ಟ ಮೇಲೆ ಸೋಪಿನ ನೀರು. ಪಾತ್ರೆ ತೊಳೆಯುವ ಸೋಪನ್ನು ನೀರಿಗೆ ಬೆರೆಸಿ ಟ್ಯೂಬಿನ ಮೇಲೆ ಸಿಂಪಡಿಸಿದರೆ ತೂತಿರುವಲ್ಲಿ ಗುಳ್ಳೆ ಏಳಬೇಕು. ಶನಿವಾರ ಮಧ್ಯಾಹ್ನ ಏಣಿ ಹಾಕಿಕೊಂಡು ಒಳಗೂ ಹೊರಗೂ ಸಿಂಪಡಿಸಿದೆ. ನೆತ್ತಿಯ ಮೇಲೆ ತೋರಣ ಇತ್ತಲ್ಲ, ಅಲ್ಲಿಗೆ ಮಾತ್ರ ಸಿಂಪಡಿಸಲಿಲ್ಲ. ದೇವರಿಗೆ ಕಟ್ಟಿದ್ದಕ್ಕೆ ಪಾತ್ರೆ ಸೋಪು ಹಾಕುವುದೇ?

ಅತ್ತೆ ಸೋಫಾದ ಮೇಲೆ ಜಪಮಾಲೆ ಹಿಡಿದು ಕೂತಿದ್ದರು. "ಅತ್ತೆ, ಇಲ್ಲಿ ಒದ್ದೆ, ಸದ್ದು ಬೇರೆ. ನೀವು ಮನೆಯೊಳಗೆ ಹೋಗಿ ಆರಾಮಾಗಿ ಕೂತ್ಕೊಳ್ಳಿ," ಅಂದೆ. ಅವರು ಒಂದು ಕ್ಷಣ ಏನೋ ಹೇಳುವ ಹಾಗೆ ಕಂಡರು. ಆಮೇಲೆ ಜಪಮಾಲೆ ಸುತ್ತಿಕೊಂಡು ಎದ್ದರು. ಬಾಗಿಲ ಹತ್ತಿರ ನಿಂತು ನನ್ನ ಕೆಲಸ ನೋಡಿದರು.

"ಇದು ಹಿಂಗ ಸಿಗೂದಿಲ್ಲ ಬಿಡ್ರಿ. ನಮ್ಮ ಮನಿ ಗ್ವಾಡಿಗೆ ಹತ್ತಿ ಪಂಕ್ಚರ್ ಅಂಗಡಿ ಐತಿ. ದಿನಾ ನೋಡೇನಿ. ಟ್ಯೂಬಿಗೆ ಗಾಳಿ ಹೊಡದು ನೀರಾಗ ಮುಳಗಸ್ತಾರ. ಗುಳ್ಳಿ ಬಂದಲ್ಲಿ ತೂತು."

"ಇಷ್ಟು ದೊಡ್ಡದನ್ನ ಎಲ್ಲಿ ಅಂತ ಮುಳುಗಿಸೋದು ಅತ್ತೆ?"

ಅತ್ತೆ ಪಶ್ಚಿಮದ ಕಡೆ ಕೈ ತೋರಿಸಿದರು. ಈ ಸಲ ದಿಕ್ಕು ಸರಿಯಾಗಿತ್ತು.

"ಮೊನ್ನೆ ಬ್ರಿಜ್ಜಿನ ಮ್ಯಾಲಿಂದ ಅಷ್ಟು ನೀರು ತೋರಿಸಿದ್ರೆಲ್ಲ, ಸಾಲೂದಿಲ್ಲೇನು?"

ಚಲೋ ನಿದ್ದಿ

ಸೋರಿದರೆ ಸೋರಲಿ ಎಂದು ಒಂದು ವಾರಾಂತ್ಯ ಗಾಡಿಯನ್ನು ಸಮುದ್ರದ ದಡಕ್ಕೆ ಒಯ್ದೆವು. ಸಂಜೆಯ ಹೊತ್ತಿಗೆ ಮಂಜು ಇಳಿದು ಸಮುದ್ರವೂ ಇಲ್ಲ, ಆಕಾಶವೂ ಇಲ್ಲ, ಎಲ್ಲ ಒಂದೇ ಬೆಳ್ಳಗೆ. ಅಲೆಯ ಸದ್ದು ಎಲ್ಲಿ ಮುಗಿಯುತ್ತದೆ, ನಮ್ಮ ಟ್ಯೂಬಿನ ಸದ್ದು ಎಲ್ಲಿ ಶುರುವಾಗುತ್ತದೆ ತಿಳಿಯುತ್ತಿರಲಿಲ್ಲ. ಅಲ್ಲಿ ಕೂತಾಗ ನನಗೆ ಇಡೀ ಗಾಡಿ ಉಸಿರಾಡುತ್ತಿದೆ ಅನ್ನಿಸಿತು. ಇದನ್ನು ಹೆಂಡತಿಗೆ ಹೇಳಿದೆ. "ಉಸಿರಾಡೋದಲ್ಲ, ಗೊರಕೆ," ಅಂದಳು.

ನಾವಿಬ್ಬರೂ ಕಣ್ಣು ಮುಚ್ಚಲಿಲ್ಲ. ಬೆಳಿಗ್ಗೆ ಅತ್ತೆ ಆಗಲೇ ಸ್ನಾನ ಮಾಡಿ, ಹೂವಿನಂತೆ ಅರಳಿದ ಮುಖದಲ್ಲಿ ಚಹಾ ಸೋಸುತ್ತಿದ್ದರು.

"ನಿದ್ದಿ ಬಂತೇನವ್ವಾ?" ಎಂದು ಹೆಂಡತಿ ಅಳುಕುತ್ತಾ ಕೇಳಿದಳು.

"ಭಾಳ ಚಲೋ ನಿದ್ದಿ ಹತ್ತಿತ್ತು," ಅಂದರು ಅತ್ತೆ.

ಹೆಂಡತಿ ನನ್ನ ತೋಳು ಹಿಡಿದು ಹೊರಗೆ ಮಂಜಿನೊಳಕ್ಕೆ ಎಳೆದುಕೊಂಡು ಹೋದಳು. ಅವಳ ಕಣ್ಣಲ್ಲಿ ನೀರು. "ನೋಡಿದ್ರಾ? ಅಳಿಯನ ಮನಸ್ಸಿಗೆ ನೋವಾಗಬಾರದು ಅಂತ ಹೇಗೆ ಹೇಳ್ತಾಳೆ. ಇಡೀ ರಾತ್ರಿ ಒದ್ದಾಡಿರ್ತಾಳೆ."

ನನಗೂ ಹಾಗೇ ಅನ್ನಿಸಿತು. ಬೀಗರ ಮನೆಯಲ್ಲಿ ಯಾರು ತಾನೆ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾರೆ? ಸಾಕು ಅಂದರೆ ಇನ್ನೊಂದು ಬೇಕು ಎಂದರ್ಥ, ಬೇಡ ಅಂದರೆ ಬಲವಂತ ಮಾಡಿ ಎಂದರ್ಥ. ಹಿಂದಿನ ದಿನ ನಾನು ಉಪ್ಪು ಹಾಕುವುದನ್ನೇ ಮರೆತು ಮಾಡಿದ್ದ ಉಪ್ಪಿಟ್ಟನ್ನೂ ಅತ್ತೆ "ಭಾಳ ಚಲೋ ಆಗೈತಿ" ಎಂದೇ ತಿಂದಿದ್ದರು.

ಗಿಲ್‌ರಾಯ್‌ನ ವೈದ್ಯ

ಇನ್ನು ನನ್ನಿಂದ ಆಗುವುದಿಲ್ಲ ಎಂದು ಗಿಲ್‌ರಾಯ್‌ನಲ್ಲಿ ಮೋಟರ್‌ಹೋಮು ರಿಪೇರಿ ಮಾಡುವ ಒಬ್ಬರ ಹತ್ತಿರ ಗಾಡಿ ಒಯ್ದೆ. ಬೆಳ್ಳುಳ್ಳಿ ಬೆಳೆಯುವ ಸೀಮೆ, ಊರಿಗೆ ಊರೇ ಅದರ ವಾಸನೆ. ಗಾಡಿಗಳ ಈ ವೈದ್ಯರು ಬೆಳ್ಳಗೆ ಗಡ್ಡ ಬಿಟ್ಟ ದೊಡ್ಡ ಮೈಯ ಮನುಷ್ಯ, ಮಾತು ಕಡಿಮೆ.

"ಸೋರಿಕೆಯನ್ನು ಕಣ್ಣಿನಿಂದ ಹುಡುಕಬಾರದು, ಕಿವಿಯಿಂದ ಹುಡುಕಬೇಕು. ನಾನು ಒಳಗೆ ಒಬ್ಬನೇ ಇರಬೇಕು. ಯಾರೂ ಮಾತಾಡಬಾರದು," ಎಂದು ಇಂಗ್ಲಿಷಿನಲ್ಲಿ ಹೇಳಿ ಸೋಫಾದ ಮೇಲೆ ಒರಗಿ, ಕಣ್ಣು ಮುಚ್ಚಿ, ನನಗೆ ಹೊರಗೆ ಹೋಗುವಂತೆ ಸನ್ನೆ ಮಾಡಿದರು. ನನಗೆ ಭಕ್ತಿಯೇ ಬಂತು. ಹೊರಗೆ ಮರದ ನೆರಳಲ್ಲಿ ಕೂತೆ. ಬಿಸಿಲು ಗುಡ್ಡದ ಮೇಲಿಂದ ಹೊಲಕ್ಕೆ ಇಳಿಯಿತು, ಹೊಲದಿಂದ ರಸ್ತೆಗೆ ಬಂತು, ನನ್ನ ಕಾಲಿನ ಮೇಲೆ ಹತ್ತಿತು. ಒಳಗಿನಿಂದ ಸುದ್ದಿಯಿಲ್ಲ. ಕೊನೆಗೆ ಬಾಗಿಲು ಸರಿಸಿ ಇಣುಕಿದೆ. ವೈದ್ಯರು ಬಾಯಿ ತೆರೆದು, ಎದೆಯ ಮೇಲೆ ಟೋಪಿ ಇಟ್ಟುಕೊಂಡು, ಮಗುವಿನ ಹಾಗೆ ಮಲಗಿದ್ದರು.

ಎಬ್ಬಿಸಿದೆ. ಕಣ್ಣುಜ್ಜಿಕೊಂಡು ಸುತ್ತಲೂ ನೋಡಿದರು.

"ಸೋರಿಕೆ ಸಿಕ್ಕಿತಾ?" ಅಂದೆ.

"ಇಲ್ಲ. ಆದರೆ ಬೆನ್ನುನೋವು ಹೋಯಿತು," ಅಂದರು.

ಎಲೆ

ಅಷ್ಟರಲ್ಲಿ ಅತ್ತೆ ಟಿಕೆಟ್ಟನ್ನು ದೀಪಾವಳಿಗೆ ಮುಂಚಿನ ತಾರೀಖಿಗೆ ಬದಲಾಯಿಸಲು ಹೇಳಿಯಾಗಿತ್ತು. ಹೆಂಡತಿ ಇವತ್ತು ನಾಳೆ ಎಂದು ತಳ್ಳುತ್ತಿದ್ದಳು. ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಅಳುವುದನ್ನು ನಾನು ನೋಡಿದೆ. ನನ್ನ ಕೈಲಿ ಆಗುವುದು ಈ ಸೋರಿಕೆ ನಿಲ್ಲಿಸುವುದೊಂದೇ, ಅದೂ ಆಗುತ್ತಿಲ್ಲವಲ್ಲ ಎಂದು ನನಗೂ ತುಂಬ ಬೇಜಾರಾಯಿತು.

ಒಂದು ಮಧ್ಯಾಹ್ನ ವರ್ಕ್ ಫ್ರಂ ಹೋಮು. ಅತ್ತೆಯನ್ನು ಹೆಂಡತಿ ಗ್ರೋಸರಿಗೆ ಕರೆದುಕೊಂಡು ಹೋಗಿದ್ದಳು. ಮೀಟಿಂಗು ಮುಗಿಸಿ ಗಾಡಿಯ ನೆಲದ ಮೇಲೆ ಅಂಗಾತ ಬಿದ್ದುಕೊಂಡೆ. ತೋರಣದ ಎಲೆಗಳು ಒಣಗಿ ಕಂದಾಗಿದ್ದವು. ಅದರಲ್ಲಿ ಒಂದೇ ಒಂದು ಎಲೆ ಮೆಲ್ಲಗೆ ನಡುಗುತ್ತಿತ್ತು. ನಿಲ್ಲುವುದು, ಕಂಪ್ರೆಸರ್ ಗುರ್‌ ಅಂದ ಮೇಲೆ ಮತ್ತೆ ನಡುಗುವುದು. ಆ ಎಲೆಯನ್ನು ನಾನು ಅನೇಕ ದಿನಗಳಿಂದ ನೋಡುತ್ತಿದ್ದೆ. ಎಷ್ಟು ಚೆನ್ನಾಗಿದೆ, ಮರ ಬಿಟ್ಟು ಬಂದ ಮೇಲೂ ಗಾಳಿಯನ್ನು ಮರೆತಿಲ್ಲ ಎಂದು ಮನಸ್ಸಿನಲ್ಲೇ ಕವಿತೆ ಕಟ್ಟುತ್ತಿದ್ದೆ. ಅವತ್ತೂ ಎರಡು ಸಾಲು ಕಟ್ಟಿ, ಮೂರನೆಯದಕ್ಕೆ ತಡಕಾಡುತ್ತಿರುವಾಗ ಒಂದು ಸಣ್ಣ ವಿಷಯ ಹೊಳೆಯಿತು. ಕಿಟಕಿಗಳೆಲ್ಲ ಮುಚ್ಚಿವೆ.

ಏಣಿ ತಂದು ಎಲೆ ಸರಿಸಿ ನೋಡಿದರೆ ತೋರಣವನ್ನು ಗುಂಡುಸೂಜಿಯಿಂದ ಚುಚ್ಚಿ ನಿಲ್ಲಿಸಿದೆ. ಚುಚ್ಚಿರುವುದು ಸೀದಾ ಗಾಳಿಯ ಟ್ಯೂಬಿಗೆ. ಗಟ್ಟಿ ಪ್ಲಾಸ್ಟಿಕ್ಕಿಗೆ ಸೂಜಿ ಇಳಿದಿಲ್ಲ, ಮೆತ್ತಗಿನ ರಬ್ಬರು ಕಂಡಿದೆ, ಇಳಿಸಿದ್ದಾರೆ. ಪೂಜೆಯ ದಿನ ಏಣಿ ಹತ್ತಿ ಅದನ್ನು ಚುಚ್ಚಿದವಳು ನನ್ನ ಹೆಂಡತಿ, ಕೆಳಗೆ ನಿಂತು ಜಾಗ ತೋರಿಸಿದವರು ಅತ್ತೆ. ಸೂಜಿ ಕಿತ್ತು, ಉಜ್ಜಿ, ಪ್ಯಾಚು ಹಾಕಿದೆ. ಗುರ್‌ ಇಲ್ಲ, ಸ್ಸ್ ಇಲ್ಲ. ಅಷ್ಟು ನಿಶ್ಶಬ್ದ ಎಂದರೆ ನನ್ನ ಹೊಟ್ಟೆಯ ಸದ್ದು ನನಗೇ ಕೇಳಿಸಿತು.

ಸಂಜೆ ಹೆಂಡತಿಗೆ ಸೂಜಿ ತೋರಿಸಿದೆ. ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿ, ನನಗೆ ವಾಪಸು ಕೊಟ್ಟು, ಸಮಾಧಾನವಾಗಿ ಹೇಳಿದಳು: "ಅಲ್ಲಾ ರೀ, ಕಣ್ಣೆದುರಿಗೇ ಇತ್ತು. ಆಫೀಸಿನಲ್ಲಿ ನಿಮಗೆ ನಿಜವಾಗಲೂ ಇದೇ ಕೆಲಸಾನಾ?"

ದೇವರ ಸಲುವಾಗಿ

ಆ ರಾತ್ರಿ ಹೊಸ ಚಾದರ ಹಾಸಿ ಅತ್ತೆಯನ್ನು ಗಾಡಿಯಲ್ಲೇ ಮಲಗಿಸಿದೆವು. ಬೆಳಿಗ್ಗೆ ಅವರ ಕಣ್ಣು ಕೆಂಡದ ಹಾಗಿತ್ತು.

"ಹೆಂಗಾತವ್ವಾ?"

"ಚಲೋ ಆತು," ಅಂದರು ಅತ್ತೆ. ಚಾದರ ಮಡಚುತ್ತಾ, "ಟಿಕೀಟಿಂದು ಏನಾತು?" ಎಂದು ಕೇಳಿದರು. ಸೋಮವಾರ ಫೋನು ಮಾಡುತ್ತೇನೆ ಎಂದು ಹೆಂಡತಿ ಒಪ್ಪಿಕೊಂಡಳು. ಇನ್ನು ತಳ್ಳುವುದಕ್ಕೆ ಅವಳ ಹತ್ತಿರ ನೆಪ ಉಳಿದಿರಲಿಲ್ಲ.

ಭಾನುವಾರ ಊಟವಾದ ಮೇಲೆ ಇಬ್ಬರೂ ಸಪ್ಪೆ ಮೋರೆ ಹಾಕಿಕೊಂಡು ಕೂತಿದ್ದೆವು. ಅತ್ತೆ ಜಪಕ್ಕೆ ಎಂದು ಗಾಡಿಗೆ ಹೋಗಿದ್ದರು. ಕಿಟಕಿಯ ಆಚೆಯಿಂದ ಗುರ್‌ ಎಂದಿತು. ಆಮೇಲೆ ಸ್ಸ್. ನನ್ನ ಪ್ಯಾಚು ಕಿತ್ತುಬಂತೇ ಎಂದು ಸೋಪಿನ ಬಾಟಲಿ ಹಿಡಿದು ಓಡಿದೆ, ಹಿಂದೆಯೇ ಹೆಂಡತಿ.

ಸ್ಲೈಡ್‌-ಔಟಿನ ನೆತ್ತಿಯ ಮೇಲೆ ಹಸಿರು ಹಸಿರಾದ ಹೊಸ ತೋರಣ. ಕೆಳಗೆ ಸ್ಟೂಲು. ಸೋಫಾದ ಮೇಲೆ ಅತ್ತೆ, ಕೈಯಲ್ಲಿ ಜಪಮಾಲೆ, ಪಕ್ಕದಲ್ಲಿ ಗುಂಡುಸೂಜಿಯ ಡಬ್ಬಿ, ಗಾಢ ನಿದ್ದೆ. ಮುಖದಲ್ಲಿ ಎಂಥ ನೆಮ್ಮದಿ ಎಂದರೆ ನಾವು ಎಬ್ಬಿಸಲಿಲ್ಲ. ಅಲ್ಲೇ ನೆಲದ ಮೇಲೆ ಗೋಡೆಗೆ ಒರಗಿ ಕೂತೆವು. ಬಿಸಿಲು ಪರದೆಯೊಳಗಿಂದ ಬಂದು ಕೋಣೆಯೆಲ್ಲ ಜೇನಿನ ಬಣ್ಣವಾಗಿತ್ತು. ಗಾಡಿ ಉಸಿರು ಎಳೆಯಿತು, ಬಿಟ್ಟಿತು, ಎಳೆಯಿತು. ಹೆಂಡತಿಯ ತಲೆ ನನ್ನ ಭುಜದ ಮೇಲೆ ಯಾವಾಗ ಬಿತ್ತೋ, ನನಗೆ ಯಾವಾಗ ಜೊಂಪು ಹತ್ತಿತೋ ತಿಳಿಯದು.

ಎಚ್ಚರವಾದಾಗ ಅತ್ತೆ ನಮ್ಮಿಬ್ಬರಿಗೂ ಹೊದಿಕೆ ಹೊದಿಸಿ ಕೂತಿದ್ದರು. ಸಿಕ್ಕಿಬಿದ್ದವರ ನಗೆ ನಕ್ಕರು.

"ಸಿಟ್ಟಾಗಬ್ಯಾಡ್ರಿ ಅಳಿಯಂದ್ರ. ಮದಿವ್ಯಾಗಿ ಬಂದಾಗಿಂದ ಆ ಪಂಕ್ಚರ್ ಅಂಗಡಿ ಸಪ್ಪಳದಾಗ ಮಲಗಿದಾಕಿ ನಾ. ನಿಮ್ಮ ಮನ್ಯಾಗ ಕಿವಿಗೆ ಏನೂ ಬೀಳೂದಿಲ್ಲ. ಅಂಥಲ್ಲಿ ನಿದ್ದಿ ಹೆಂಗ ಹತ್ತಬೇಕು? ಇಲ್ಲಿ ಬಂದು ಕುಂತ್ರ ಜಪದ ಮೊದಲ್ನೇ ಸುತ್ತು ಮುಗಿಯೂದಿಲ್ಲ, ಕಣ್ಣು ಎಳೀತಾವ."

"ಅದನ್ನ ಮೊದಲೇ ಹೇಳಬಾರದಿತ್ತಾ ಅತ್ತೆ?"

"ಹೇಳಿದ್ನೆಲ್ಲ, ಸಮುದ್ರದ ದಂಡಿ ಮ್ಯಾಲೆ. ಭಾಳ ಚಲೋ ನಿದ್ದಿ ಹತ್ತಿತ್ತು ಅಂತ. ನೀವ ನಂಬಲಿಲ್ಲ."

ಹೆಂಡತಿಗೆ ಅಳುವೂ ನಗುವೂ ಒಟ್ಟಿಗೇ ಬಂತು. "ಮತ್ತ ಈ ಟಾಚಣಿ?" ಎಂದು ತೋರಣದ ಗುಂಡುಸೂಜಿಯ ಕಡೆ ಕೈ ಮಾಡಿದಳು.

"ಮೊದಲಿಂದು ದೇವರ ಸಲುವಾಗಿ ಚುಚ್ಚಿಸಿದ್ದೆ. ಇದು ನನ್ನ ಸಲುವಾಗಿ."

ಟಿಕೆಟ್ಟಿನ ತಾರೀಖು ಬದಲಾಯಿಸಲಿಲ್ಲ. ಗಾಡಿಯೇ ಅತ್ತೆಯ ಕೋಣೆಯಾಯಿತು. ದೀಪಾವಳಿಗೆ ಅವರು ಬಾಗಿಲ ಮುಂದೆ ಹಣತೆ ಇಟ್ಟರು, ಚೀನೀ ತಾತ ಮತ್ತೆ ಕಿತ್ತಳೆ ತಂದರು. ನಾನೂ ಸುಮ್ಮನಿರಲಾರದೆ ಸೂಜಿಯನ್ನು ಒಂದಿಷ್ಟು ಓರೆ ಮಾಡಿ, ಕಂಪ್ರೆಸರಿಗೆ ಹೆಚ್ಚು ತ್ರಾಸವಾಗದಂತೆ, ಅತ್ತೆಗೆ ಬೇಕಾದಷ್ಟೇ ಸೋರುವ ಹಾಗೆ ಕೂರಿಸಿಕೊಟ್ಟೆ. ನನ್ನ ಇಡೀ ವೃತ್ತಿಜೀವನದಲ್ಲಿ ಅಷ್ಟು ನಾಜೂಕಾದ ಕೆಲಸ ಮಾಡಿದ್ದಿಲ್ಲ.

ಹಬ್ಬದ ಮರುದಿನ ಗಿಲ್‌ರಾಯ್‌ನ ವೈದ್ಯರ ಫೋನು ಬಂತು. ಸೋರಿಕೆ ಸಿಗದೇ ಹೋದದ್ದು ಮನಸ್ಸಿಗೆ ಕೊರೆಯುತ್ತಿದೆ, ಈ ಶನಿವಾರ ನಾನೇ ಮನೆಗೆ ಬಂದು ಇನ್ನೊಂದು ಸಲ ನೋಡುತ್ತೇನೆ ಎಂದರು. ಏನು ಹೇಳಲಿ ಎಂದು ಫೋನಿಗೆ ಕೈ ಅಡ್ಡ ಹಿಡಿದು ಅತ್ತೆಯನ್ನು ಕೇಳಿದೆ. ಅವರು ಚಕ್ಕಲಿ ಒತ್ತುತ್ತಿದ್ದವರು ತಲೆಯೆತ್ತದೆ ಹೇಳಿದರು:

"ರಿಪೇರಿಗೆ ಬರೂದಾದ್ರ ಬ್ಯಾಡ ಅನ್ರಿ. ಮಲಗಾಕ ಬರೂದಿದ್ರ ಬರ್ಲಿ."